ಲೋಕದ ಕೋರ್ಟೂ ಹನುಮಕ್ಕನ ದಾರಿಯೂ

ಗುಮ್ಮಳಾಪುರದಲ್ಲಿ ಕೆಂಪರಾಜುವಿನ ಟೀ ಅಂಗಡಿ ಮುಂದೆ ಒಂದು ಕಲ್ಲು ಬೆಂಚಿದೆ. ಅದು ನಮ್ಮ ಮೈದುನ ಲಕ್ಷ್ಮಣಪ್ಪನ ಬೆಂಚು. ಹೊಸೂರಿನ ಫ್ಯಾಕ್ಟರಿಯಲ್ಲಿ ಲೇತ್ ಮಿಷನ್ ತಿರುಗಿಸಿ ರಿಟೈರಾದ ಮೇಲೆ ಬೆಳಿಗ್ಗೆ ಹೊತ್ತು ಅಲ್ಲೇ. ಕನ್ನಡದ್ದೊಂದು, ತಮಿಳಿನದೊಂದು ಪೇಪರು ತೊಡೆ ಮೇಲೆ ಹಾಸಿಕೊಳ್ಳುತ್ತಾನೆ. ಸಿನಿಮಾ ನೋಡಲ್ಲ, ಚಿನ್ನದ ರೇಟು ನೋಡಲ್ಲ. ಹೇಗ್ ಅನ್ನೋ ಊರಿನಲ್ಲಿ ದೇಶದೇಶಗಳ ಜಗಳ ತೀರಿಸುವ ಕೋರ್ಟು ಒಂದಿದೆಯಂತೆ, ಅದರ ಸುದ್ದಿ ಹುಡುಕುತ್ತಾನೆ. ಸಿಕ್ಕಿತು ಅಂದರೆ ಅವನ ಪ್ರಶ್ನೆ ಒಂದೇ: "ಕೇಳಿದ್ರಾ, ಇಲ್ವಾ?"

ತೀರ್ಪು ಏನು ಅನ್ನೋದು ಅವನಿಗೆ ಅಷ್ಟು ಮುಖ್ಯ ಅಲ್ಲ. ಸೋತ ದೇಶ ಮಾತು ಕೇಳಿತಾ ಇಲ್ಲವಾ ಅನ್ನೋದೇ ಮುಖ್ಯ.

ಈ ಹುಚ್ಚು ಅವನಿಗೆ ಹಿಡಿದದ್ದು ನಮ್ಮ ಮಾವನವರ ಕಾಲದಲ್ಲಿ. ದಾಯಾದಿಗಳು ಬಾವಿ ಪಕ್ಕದ ತುಂಡು ಹೊಲ ಹಿಡಿದುಕೊಂಡಿದ್ದರು. ಮಾವನವರು ಕೋರ್ಟಿಗೆ ಅಲೆದೂ ಅಲೆದೂ ಗೆದ್ದರು. ಆ ದಿನ ನಾನು ಕಜ್ಜಾಯ ಮಾಡಿದ್ದೆ, ಬೆಲ್ಲದ ಪಾಕ ಸ್ವಲ್ಪ ಗಟ್ಟಿಯಾಗಿತ್ತು. ಆದರೆ ದಾಯಾದಿಗಳು ಹೊಲ ಬಿಡಲೇ ಇಲ್ಲ. ತೀರ್ಪಿನ ಕಾಗದ ನಮ್ಮ ಮನೇಲಿ, ರಾಗಿ ಅವರ ಮನೇಲಿ. ಲಕ್ಷ್ಮಣಪ್ಪ ಆಗ ಮೀಸೆ ಚಿಗುರದ ಹುಡುಗ. "ಗೆದ್ರೆ ಸಾಲ್ದು ಕಣತ್ತಿಗೆ, ಸೋತೋನು ಒಪ್ಪಬೇಕು" ಅಂತ ಅಂದಿದ್ದ. ಆ ಮಾತು ಅವನ ಜೊತೇಲೇ ಬೆಳೀತು.

ಆಫ್ರಿಕಾದಲ್ಲಿ ನೈಜೀರಿಯಾ ಅಂತ ದೊಡ್ಡ ದೇಶವಂತೆ. ಪಕ್ಕದ ಕ್ಯಾಮರೂನಿಗೆ ಸಮುದ್ರದಂಚಿನ ನೆಲ ಬಿಟ್ಟುಕೊಡಬೇಕು ಅಂತ ಆ ಕೋರ್ಟು ಹೇಳಿತಂತೆ. ವರ್ಷಗಟ್ಟಲೆ ಗೊಣಗಿ ಗೊಣಗಿ ಕೊನೆಗೆ ಬಿಟ್ಟರಂತೆ. ಆ ಸುದ್ದಿ ಓದಿದ ದಿನ ಲಕ್ಷ್ಮಣಪ್ಪ ಅಂಗಡೀಲಿದ್ದೋರಿಗೆಲ್ಲ ಬೋಂಡ ಕೊಡಿಸಿದ. ನಮ್ಮನೆಗೂ ಪೊಟ್ಟಣ ಬಂತು. ಕ್ಯಾಮರೂನ್ ಎಲ್ಲಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ, ಬೋಂಡ ಮಾತ್ರ ಗರಿಗರಿ ಇತ್ತು. ಯಾವುದಾದರೂ ದೊಡ್ಡ ದೇಶ "ಹೋಗಯ್ಯ, ನಿನ್ನ ತೀರ್ಪು ನೀನೇ ಇಟ್ಕೋ" ಅಂತು ಅಂದರೆ ಅವತ್ತು ಅವನಿಗೆ ಟೀ ಸೇರಲ್ಲ.

"ಅಲ್ಲ ಮಾವ, ಆ ಕೋರ್ಟಿಗೆ ಪೋಲೀಸು ಐತಾ?" ಅಂತ ಕೆಂಪರಾಜು ಕೆಣಕುವನು.

"ಇಲ್ಲ ಕಣ್ಲಾ."

"ಜೈಲು?"

"ದೇಶನ ಯಾವ ಜೈಲಿಗೆ ಹಾಕ್ತೀಯಲಾ, ತಲೆ ಇಲ್ದೋನೆ!"

"ಮತ್ತೆ ಯಾಕೆ ಕೇಳ್ಬೇಕು?"

"ನಾವಾಗೇ ಹೋಗಿ ನ್ಯಾಯ ಹೇಳಿ ಅಂತ ಕೂತ್ಮೇಲೆ ಕೇಳ್ಬೇಕು. ಮರ್ವಾದೆ ಅಂತ ಒಂದೈತೆ."

ಹೋದ ವರ್ಷ ಥಾಯ್ಲೆಂಡೂ ಕಾಂಬೋಡಿಯಾನೂ ಗುಂಡು ಹಾರಿಸಿಕೊಂಡವಲ್ಲ, ಆಗ ತಮಿಳು ಪೇಪರಿನಲ್ಲಿ ಒಂದು ಹಳೇ ಕತೆ ಬಂತು. ಅದನ್ನು ನನ್ನ ಜಗಲಿಗೇ ತಂದು ಓದಿ ಹೇಳಿದ. ಬೆಟ್ಟದ ಮೇಲೆ ಒಂದು ಶಿವನ ಗುಡಿ, ಎರಡು ದೇಶಕ್ಕೂ ಅದು ಬೇಕು. ನಾನು ಚಿಕ್ಕವಳಿದ್ದಾಗಲೇ ಆ ಕೋರ್ಟು ಅದು ಕಾಂಬೋಡಿಯಾದ್ದು ಅಂತ ಹೇಳಿತಂತೆ. ಥಾಯ್ಲೆಂಡಿನವರಿಗೆ ಹೊಟ್ಟೆ ಉರೀತು, ಆದರೂ ಬಿಟ್ಟರು. ಹೇಗೆ ಬಿಟ್ಟರು? ತಮ್ಮ ಬಾವುಟ ಇಳಿಸಲಿಲ್ಲ. ಕಂಬವನ್ನೇ ಬುಡಸಮೇತ ಕಿತ್ತು, ಬಾವುಟ ಹಾರುತ್ತಿದ್ದ ಹಾಗೇ ನಿಲ್ಲಿಸಿಕೊಂಡು ಹೊತ್ತುಕೊಂಡು ಹೋದರಂತೆ! ಹೇಳಿ ಲಕ್ಷ್ಮಣಪ್ಪ ತೊಡೆ ತಟ್ಟಿಕೊಂಡು ನಕ್ಕ. ಹನುಮಕ್ಕನೂ ನಾನೂ ಎಲೆ ಅಡಿಕೆ ಉಗುಳಿ ನಕ್ಕೆವು.

ಹನುಮಕ್ಕ ಅಂದರೆ ನನ್ನ ಗೆಳತಿ. ಲಕ್ಷ್ಮಣಪ್ಪನ ಹೊಲದ ಆಚೆಗೆ ಅವಳ ಮನೆ. ನಾವಿಬ್ಬರೂ ಈ ಊರಿಗೆ ಸೊಸೆಯರಾಗಿ ಬಂದಾಗಿನಿಂದ ಆ ಹೊಲದ ಅಂಚಿನ ಕಾಲುದಾರಿ ಹಿಡಿದು ಮಧ್ಯಾಹ್ನ ಮಧ್ಯಾಹ್ನ ನನ್ನ ಜಗಲಿಗೆ ಬರುವಳು. ನಮ್ಮೆಜಮಾನರು ಹೋದಾಗ ನನಗೆ ಅನ್ನ ಕಲಸಿ ತಿನ್ನಿಸಿದ ಕೈ ಅವಳದು. ಈಗ ಅವಳ ಮೊಣಕಾಲು ಹೋಗಿದೆ. ಕಾಲುದಾರಿ ಬಿಟ್ಟರೆ ಕೆರೆ ಏರಿ ಸುತ್ತಿ ಬರಬೇಕು, ಅದು ಅವಳ ಕೈಲಿ ಆಗದು.

ಈ ವರ್ಷ ಅವಳ ಮೇಕೆ ಲಕ್ಷ್ಮಣಪ್ಪನ ಕೋಸಿನ ಸಸಿ ಮೇಯ್ದುಬಿಟ್ಟಿತು. ಒಂದು ಸಾಲು ಪೂರಾ. ಅವನು ಸಿಟ್ಟಿನಲ್ಲಿ ಕಾಲುದಾರಿಗೆ ಮುಳ್ಳುಬೇಲಿ ಹೊಡೆದ. ನಡುವೆ ಗಳ ನೆಟ್ಟು ಒಂದು ಬೆರ್ಚಪ್ಪನನ್ನೂ ನಿಲ್ಲಿಸಿದ. ಅದಕ್ಕೆ ಅವನ ಫ್ಯಾಕ್ಟರಿಯ ನೀಲಿ ಶರಟು, ತಲೆಗೆ ಹಳದಿ ಹೆಲ್ಮೆಟ್ಟು. ಒಳ್ಳೇ ಸೂಪರ್‌ವೈಸರ್ ಥರ ನಿಂತಿತ್ತು.

"ಹನುಮಕ್ಕ ಹೆಂಗ್ಲಾ ಬರ್ತಾಳೆ?" ಅಂದೆ.

"ಏರಿ ಮೇಲೆ ಬರ್ಲಿ. ಗಾಳಿ ಚೆನ್ನಾಗಿರ್ತದೆ."

ನಾನು ಈ ಕಡೆ ಜಗಲೀಲಿ, ಅವಳು ಆ ಕಡೆ ಜಗಲೀಲಿ. ನಡುವೆ ಹೆಲ್ಮೆಟ್ಟು. "ಊಟ ಆಯ್ತೇನೇ?" ಅಂತ ನಾನು ಕೂಗಿದರೆ "ಆಂ?" ಅನ್ನುವಳು. ಗುಟ್ಟಿನ ಮಾತು ಕೂಗಿ ಆಡೋಕೆ ಆಗುತ್ತಾ? ಅವಳ ಸೊಸೆ ಸುದ್ದಿ ಎಲ್ಲ ನನಗೆ ಬಾಕಿ ಬಿತ್ತು.

ಕೊನೆಗೆ ಲಕ್ಷ್ಮಣಪ್ಪ, ಹನುಮಕ್ಕ ಇಬ್ಬರೂ ಒಪ್ಪಿ ಅಕ್ಕಯಮ್ಮನ ಹತ್ತಿರ ಹೋದರು. ಅಕ್ಕಯಮ್ಮ ನಮ್ಮೂರ ಸೂಲಗಿತ್ತಿ, ಎರಡು ಮನೆ ಮಕ್ಕಳನ್ನೂ ಎತ್ತಿದ ಕೈ. ಹೊಂಗೆ ಮರದ ಕೆಳಗೆ ಕೂತು ಇಬ್ಬರ ಮಾತೂ ಕೇಳಿದಳು. ಲಕ್ಷ್ಮಣಪ್ಪನೇ ಎಲ್ಲರ ಮುಂದೆ, "ನೀನು ಹೇಳಿದಂಗೆ ಕೇಳ್ತೀನಿ ಕಣಮ್ಮ" ಅಂದ.

ಅಕ್ಕಯಮ್ಮ ಅಂದಳು: "ದಾರಿ ಹನುಮಕ್ಕನದು, ಬೇಲಿ ತೆಗಿ. ಹನುಮಕ್ಕ, ನಿನ್ನ ಮೇಕೆ ಕಟ್ಟು."

"ತೆಗೀದಿದ್ರೆ?" ಅಂತ ಕೆಂಪರಾಜು ನಡುವೆ ಬಾಯಿ ಹಾಕಿದ.

"ತೆಗೀದಿದ್ರೆ ನಾನೇನು ಮಾಡ್ಲಿ? ನನ್ನ ಕೈಯಾಗೆ ಲಾಠಿ ಐತಾ? ಕೇಳಿದ್ರು, ಹೇಳಿದೆ" ಅಂತ ಸೆರಗು ಕೊಡವಿಕೊಂಡು ಎದ್ದಳು.

ಹನುಮಕ್ಕ ಅವತ್ತು ಸಂಜೆಯೇ ಮೇಕೆ ಕಟ್ಟಿದಳು. ಬೇಲಿ ಮಾತ್ರ ಹಾಗೇ ಇತ್ತು. ಲಕ್ಷ್ಮಣಪ್ಪ ನಾಳೆ ಅಂದ, ಆಮೇಲೆ ಅಮಾವಾಸ್ಯೆ ಕಳೀಲಿ ಅಂದ, ಆಮೇಲೆ ಕೈ ನೋವು ಅಂದ. ಆ ಮೇಕೆಯೋ, ಕಟ್ಟಿಸಿಕೊಂಡು ಗೊತ್ತಿಲ್ಲದ ಪ್ರಾಣಿ, ಅವನ ಮನೆ ಕಡೆ ಮುಖ ಮಾಡಿಕೊಂಡು ಹೊತ್ತು ಹುಟ್ಟಿದಾಗಿಂದ ಮುಳುಗೋ ತನಕ ಅರಚುತ್ತಿತ್ತು.

"ಅದು ನನ್ನನ್ನೇ ಬೈತಾ ಐತೆ ಕಣತ್ತಿಗೆ" ಅಂದ ಒಂದು ದಿನ.

ಟೀ ಅಂಗಡೀಲಿ ಅದಕ್ಕಿಂತ ಹೆಚ್ಚು. ಅವನು ಪೇಪರು ಬಿಡಿಸಿದನೋ ಇಲ್ಲವೋ ಕೆಂಪರಾಜು, "ಏನ್ ಮಾವ, ಇವತ್ತು ಯಾವ ದೇಶ ಮಾತು ಕೇಳಲಿಲ್ಲ?" ಅನ್ನುವನು. ಬೆಂಚಿಗೆ ಬೆಂಚೇ ನಗುವುದು. ಲಕ್ಷ್ಮಣಪ್ಪ ಅಂಗಡಿಗೆ ಹೋಗುವುದನ್ನೇ ಬಿಟ್ಟ. ಮನೇಲಿ ಟೀ ಕುಡಿದು, ಚೆನ್ನಾಗಿಲ್ಲ ಅಂತ ಗೊಣಗಿಕೊಂಡು ನನ್ನ ಜಗಲಿಗೆ ಬಂದು ಕೂತ.

ಆಗ ನಾನು ಬೇರೇನೂ ಹೇಳಲಿಲ್ಲ. ಅವನ ಮಾತನ್ನೇ ಕೇಳಿದೆ: "ಲಕ್ಷ್ಮಣ, ಅಕ್ಕಯಮ್ಮ ಹೇಳಿದ್ದು ಕೇಳಿದ್ರಾ, ಇಲ್ವಾ?"

ಅವನು ಹೆಲ್ಮೆಟ್ಟನ್ನೇ ನೋಡುತ್ತಾ ಕೂತಿದ್ದು ಎದ್ದು ಹೋದ.

ಮಾರನೇ ದಿನ ನಾನು ಅಂಗಳ ಗುಡಿಸುತ್ತಿದ್ದೆ. ನೋಡಿದರೆ ಬೇಲಿ ಇಲ್ಲ! ಮುಳ್ಳೆಲ್ಲ ಒಂದು ಕಡೆ ಗುಡ್ಡೆ. ಲಕ್ಷ್ಮಣಪ್ಪ, ಕೆಂಪರಾಜು, ನನ್ನ ಮಗ ಮುರಳಿ, ಮೂವರೂ ಸೇರಿ ಬೆರ್ಚಪ್ಪನ ಗಳ ಅಲ್ಲಾಡಿಸುತ್ತಿದ್ದಾರೆ. ಕಿತ್ತು ಹೆಗಲ ಮೇಲೆ ಅಡ್ಡ ಹಾಕಿಕೊಂಡು ಹೋದರೆ ಮುಗೀತಲ್ಲ? ಇಲ್ಲ. ಲಕ್ಷ್ಮಣಪ್ಪ ಅದನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಹೊರಬೇಕು ಅಂದ.

"ಬೆರ್ಚಪ್ಪ ಬಗ್ಗಬಾರ್ದು ಕಣ್ರಲಾ!"

ಬುಡ ಇವನು ಹಿಡಿದ, ಆ ಕಡೆ ಈ ಕಡೆ ಅವರಿಬ್ಬರು. ಹೆಲ್ಮೆಟ್ಟು ಆಕಾಶದಲ್ಲಿ. ಶರಟಿನ ತೋಳು ಗಾಳಿಗೆ ಪಟಪಟ. ಅವನ ಮನೆ ಹತ್ತಿರ ಬರುವಷ್ಟರಲ್ಲಿ ಬಾವಿ ಮೋಟರಿನ ಕರೆಂಟು ವಯರು ಅಡ್ಡ ಜೋತುಬಿದ್ದಿತ್ತು.

"ಸ್ವಲ್ಪ ಬಗ್ಸು ಚಿಕ್ಕಪ್ಪ" ಅಂದ ಮುರಳಿ.

"ಬಗ್ಸಲ್ಲ."

"ಮತ್ತೆ ಹೆಂಗ್ ಹೋಗೋದು?"

ಇನ್ನೊಂದು ದಾರಿ ಇದ್ದದ್ದು ಕೆರೆ ಏರಿ ಒಂದೇ. ಲಕ್ಷ್ಮಣಪ್ಪ ಒಂದು ಗಳಿಗೆ ನಿಂತ. ಆಮೇಲೆ ಹಲ್ಲು ಕಚ್ಚಿ ಅತ್ತಲೇ ತಿರುಗಿದ.

ಅಷ್ಟರಲ್ಲಿ ಹನುಮಕ್ಕ ಕೋಲೂರಿಕೊಂಡು ಕಾಲುದಾರಿಯಲ್ಲಿ ಬಂದೇ ಬಂದಳು. ಉಸ್ಸಪ್ಪಾ ಅಂತ ನನ್ನ ಪಕ್ಕ ಕೂತು, ಎಲೆಗೆ ಸುಣ್ಣ ಸವರಿ, ಕಣ್ಣಿಗೆ ಕೈ ಅಡ್ಡ ಹಿಡಿದು ಏರಿ ಕಡೆ ನೋಡಿದಳು. ಹಳದಿ ಹೆಲ್ಮೆಟ್ಟು ಮೆಲ್ಲಗೆ ತೇಲಿಕೊಂಡು ಹೋಗುತ್ತಿತ್ತು.

"ಅದ್ಯಾಕೆ ಆ ಬೆರ್ಚಪ್ಪ ಏರಿ ಸುತ್ತುತಾ ಐತೆ?"

"ಗಾಳಿ ಚೆನ್ನಾಗಿರ್ತದಂತೆ" ಅಂದೆ.

ಅವಳು ನಕ್ಕು ನಕ್ಕು ಅಡಿಕೆ ನೆತ್ತಿಗೇರಿ, ನಾನು ಬೆನ್ನು ಗುದ್ದಬೇಕಾಯಿತು.

ಲಕ್ಷ್ಮಣಪ್ಪ ಸುತ್ತಿ ಬಂದು ಮನೆ ಮುಂದೆ ಬೆರ್ಚಪ್ಪನನ್ನು ನೆಟ್ಟು, ಬೆವರು ಒರೆಸಿಕೊಳ್ಳುತ್ತ ನಮ್ಮ ಮುಂದೆ ಬಂದು ನಿಂತ. "ನೋಡು ಹನುಮಕ್ಕ, ಯಾರ ತೀರ್ಪಿಗೂ ಹೆದರಿ ತೆಗೀಲಿಲ್ಲ. ನನ್ನಿಷ್ಟ, ತೆಗ್ದೆ."

"ಆಗ್ಲಪ್ಪ, ನಿನ್ನಿಷ್ಟಾನೇ. ಕೂತ್ಕೋ, ನೀರು ಕುಡಿ. ಏರಿ ದೂರ, ಅಲ್ವಾ?"

"ದೂರಾನೇ ಕಣಕ್ಕ" ಅಂದ. ಚೊಂಬು ಎತ್ತಿ ಗಟಗಟ ಕುಡಿದ. ಆಮೇಲೆ ಮೇಕೆ ಕಡೆ ನೋಡಿ, "ಅದರ ಹಗ್ಗ ಒಸಿ ಉದ್ದ ಬುಡು" ಅಂದ.

ಅವತ್ತು ಅಂಗಡೀಲಿದ್ದ ಎಲ್ಲರಿಗೂ ಬೋಂಡ. ಅಕ್ಕಯಮ್ಮನ ಮನೆಗೊಂದು ಪೊಟ್ಟಣ, ನಮ್ಮ ಜಗಲಿಗೊಂದು. ಕೆಂಪರಾಜು ಸೌಟು ಹಿಡಿದುಕೊಂಡು, "ಇವತ್ತು ಯಾವ ದೇಶ ಮಾವ?" ಅಂದನಂತೆ.

"ಸುಮ್ಕೆ ಎಣ್ಣೆ ಕಡೆ ನೋಡ್ಲಾ, ಸೀದೋಗ್ತದೆ" ಅಂದ ಲಕ್ಷ್ಮಣಪ್ಪ, ಬೆಂಚಿನ ಮೇಲೆ ಪೇಪರು ಹಾಸಿಕೊಳ್ಳುತ್ತಾ.