ಕೆಂಪು ತುಟಿಯ ಉಮ್ಮ ಕೊಳವೆ ನುಂಗಿದ್ದು

ನಗುವಾಗ ಅವರು ಮುಖವನ್ನು ಮೇಲಕ್ಕೆತ್ತುತ್ತಿದ್ದರು. ಬಾಯಿ ತುಂಬ ಎಲೆಯಡಿಕೆಯ ರಸ. ತಲೆ ತಗ್ಗಿಸಿ ನಕ್ಕರೆ ಎದುರಿಗಿದ್ದವರ ಸೀರೆ ಕೆಂಪಾಗುವುದು ಖಂಡಿತ. ಹಾಗಾಗಿ ಆಕಾಶ ನೋಡಿಕೊಂಡೇ ನಗು, ಆಕಾಶ ನೋಡಿಕೊಂಡೇ ಬೈಗುಳ. ತುಟಿಯ ಕೆಂಪು ಮಾತ್ರ ಎಷ್ಟು ಬಾಯಿ ಮುಕ್ಕಳಿಸಿದರೂ ಹೋಗುತ್ತಿರಲಿಲ್ಲ.

ಶಿರಿಯ ಎಂಬ ಊರಿನ ಶಾಲೆಗೆ ಕನ್ನಡ ಟೀಚರಾಗಿ ಬಂದ ನನಗೆ ಬಾಡಿಗೆಗೆ ಕೋಣೆ ಕೊಟ್ಟ ಮನೆಯೊಡತಿ ಅವರು. ಬ್ಯಾರಿ ಮುಸ್ಲಿಮರ ಮನೆ. ಎಲ್ಲರೂ ಉಮ್ಮ, ಅಂದರೆ ಅಮ್ಮ, ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ನನ್ನ ಕೋಣೆಗೂ ಅವರ ಅಡುಗೆಮನೆಗೂ ನಡುವೆ ಒಂದು ಬಾವಿ. ಬಾವಿಕಟ್ಟೆಯಲ್ಲಿ ಕೂತು ತಮ್ಮ ಮನೆಯ ಸುದ್ದಿಯೆಲ್ಲ ಹೇಳಿ, ನನ್ನದನ್ನು ಕೇಳುವರು. ನಾನು ಸುಲಭಕ್ಕೆ ಬಾಯಿಬಿಡುವವಳಲ್ಲ. "ಎಂತ ಟೀಚರೇ, ಮಾತೆಲ್ಲ ಶಾಲೆಯಲ್ಲೇ ಮುಗಿಸಿ ಬರುವುದಾ?" ಎಂದು ಛೇಡಿಸುವರು.

ಒಂದು ಬೆಳಿಗ್ಗೆ ಕೊಡ ಎತ್ತಲಾರದೆ ಅಲ್ಲೇ ಕೂತುಬಿಟ್ಟರು. ಏದುಸಿರು. ಕೆಂಪು ತುಟಿಯ ಸುತ್ತ ಮುಖ ಬಿಳುಚಿಕೊಂಡಿತ್ತು.

"ಕಕ್ಕಸಿಗೆ ಕಪ್ಪಗೆ ಹೋಗ್ತದೆ ಟೀಚರೇ, ಟಾರಿನ ಹಾಗೆ," ಎಂದರು. ನಾಚಿಕೆಯಿಂದ ನನಗೇ ಎತ್ತ ನೋಡುವುದೆಂದು ತಿಳಿಯಲಿಲ್ಲ. "ನನ್ನ ಅಕ್ಕನಿಗೂ ಹೀಗೇ ಆದದ್ದು. ಅವಳು ಯಾರಿಗೂ ಹೇಳ್ಲಿಲ್ಲ. ಹೊಟ್ಟೆಯಲ್ಲಿ ಕ್ಯಾನ್ಸರ್ ಅಂತ ಗೊತ್ತಾಗುವಾಗ ತಡ ಆಗಿತ್ತು. ನಾನು ಹೇಳಿಬಿಟ್ಟೆ. ಇನ್ನು ಎಂತ ಮಾಡ್ಬೇಕು, ನೀವು ಹೇಳಿ."

ಮಂಜೇಶ್ವರದ ಡಾಕ್ಟರು ಪರೀಕ್ಷೆ ಮಾಡಿ, ಒಳಗೆಲ್ಲೋ ರಕ್ತ ಸೋರುತ್ತಿದೆ, ಮಂಗಳೂರಿಗೆ ಹೋಗಿ ಎಂಡೋಸ್ಕೋಪಿ ಮಾಡಿಸಿ ಎಂದರು. ಗಂಡುಮಕ್ಕಳು ಗಲ್ಫಿನಲ್ಲಿ, ಸೊಸೆಯ ಕೈಯಲ್ಲಿ ಹಸುಗೂಸು. ಹಾಗಾಗಿ ಜೊತೆಗೆ ನಾನೇ ಹೊರಟೆ. ಎಂಡೋಸ್ಕೋಪಿ ಎಂದರೇನೆಂದು ಉಮ್ಮ ಕೇಳಿದರು. ತುದಿಯಲ್ಲಿ ದೀಪವೂ ಕ್ಯಾಮರಾವೂ ಇರುವ ಕೊಳವೆ, ಒಳಗೆ ಹಾಕಿ ನೋಡುತ್ತಾರೆ ಎಂದೆ. ಎಲ್ಲಿಂದ ಹಾಕುತ್ತಾರೆ ಎಂದರು. ಅದು ನನಗೂ ಗೊತ್ತಿರಲಿಲ್ಲ; ಅಲ್ಲಿಗೆ ಟೀಚರ ಪಾಠ ಮುಗಿಯಿತು.

ಆಸ್ಪತ್ರೆಯಲ್ಲಿ ಗೊಂದಲ ಇನ್ನೂ ಹೆಚ್ಚಿತು. ಎಲ್ಲ ರೋಗಿಗಳಿಗೂ ಕಾಯಲು ಒಂದೇ ಹಜಾರ. ಪಕ್ಕದ ಅಜ್ಜನಿಗೆ ಕೆಮ್ಮಿನ ಜೊತೆ ರಕ್ತ ಬರುತ್ತಿತ್ತಂತೆ, ಮೂಗಿನಿಂದ ಶ್ವಾಸಕೋಶದೊಳಕ್ಕೆ ಕೊಳವೆ ಇಳಿಸುತ್ತಾರಂತೆ. ಅವರಾಚೆ ಕೂತವರಿಗೆ ಮೂತ್ರದ ದಾರಿಯಿಂದಲೇ ಮೂತ್ರಕೋಶ ನೋಡುವುದಂತೆ. ಎದುರಿದ್ದ ಕಬಡ್ಡಿ ಆಟಗಾರ ಊದಿದ ಮೊಣಕಾಲು ತೋರಿಸಿ, ಸಣ್ಣ ತೂತು ಕೊರೆದು ಗಂಟಿನೊಳಗೆ ನೋಡ್ತಾರೆ ಎಂದ. ಅದೂ ಸ್ಕೋಪಿ, ಇದೂ ಸ್ಕೋಪಿ. ಉಮ್ಮ ಎಲ್ಲರದ್ದನ್ನೂ ಕೇಳಿಸಿಕೊಂಡು, ಮೂಗು ಮುಟ್ಟಿಕೊಂಡು, ಮೊಣಕಾಲು ಮುಟ್ಟಿಕೊಂಡು, "ಟೀಚರೇ, ನನಗೆ ಯಾವುದು? ಎಲ್ಲ ಮಾಡ್ತಾರಾ?" ಎಂದರು.

"ನಿಮ್ಮದು ಹೊಟ್ಟೆಯಲ್ವಾ ಉಮ್ಮ. ಬಾಯಿಯಿಂದ ಇರಬೇಕು."

"ಇರಬೇಕಾ?" ಎಂದು ನನ್ನನ್ನೇ ದಿಟ್ಟಿಸಿದರು.

ನರ್ಸ್ ಬಂದು ಏನಾದರೂ ತಿಂದಿದ್ದಾರಾ ಎಂದು ಕೇಳಿದಾಗ, ರಾತ್ರಿಯಿಂದ ಏನೂ ಇಲ್ಲ ಎಂದು ಉತ್ತರಿಸಿದವಳು ನಾನೇ. ತುಟಿ ಕೆಂಪಗಿದೆಯಲ್ಲ ಎಂದಳು. ಅದು ಯಾವಾಗಲೂ ಹಾಗೆಯೇ ಎಂದೆ.

ಉಮ್ಮನನ್ನು ಒಳಗೆ ಕರೆದೊಯ್ದು ಬಾಯಿಯಿಂದಲೇ ಕೊಳವೆ ಇಳಿಸಿದರು. ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. "ಹೊಟ್ಟೆಯಲ್ಲಿ ಕೆಂಪು ನೀರು ನಿಂತಿದೆ. ರಕ್ತವಾ, ಬೇರೆ ಏನಾದ್ರೂ ಉಂಟಾ, ಹೇಳ್ಲಿಕ್ಕಾಗುವುದಿಲ್ಲ. ಅಡ್ಮಿಟ್ ಮಾಡುವ."

ನನಗೆ ಅವರ ಅಕ್ಕನ ನೆನಪಾಯಿತು. ಗಲ್ಫಿನ ಮಕ್ಕಳಿಗೆ ಏನೆಂದು ಹೇಳುವುದು? ಒಳಗೆ ಹೋದರೆ ಉಮ್ಮ ಮಂಚದ ಮೇಲೆ ಕೂತು ಸೊಂಟದ ಎಲೆಸಂಚಿಯನ್ನು ಸರಿಪಡಿಸಿಕೊಳ್ಳುತ್ತಿದ್ದರು. ಸಂಚಿ ಅರ್ಧ ಬರಿದಾಗಿತ್ತು.

"ಉಮ್ಮ, ಎಲೆ ಹಾಕಿದ್ರಾ?"

"ಬಸ್ಸಲ್ಲಿ ಹೆದರಿಕೆ ಆಯ್ತು. ನೀವು ನಿದ್ದೆ ಮಾಡಿದ್ರಿ. ಉಗುಳ್ಲಿಕ್ಕೆ ಕಿಟಕಿ ಸಿಗ್ಲಿಲ್ಲ, ನುಂಗಿದೆ."

"ರಂಜಾನಿನ ನೋಂಬಿಗೆ ಉಪವಾಸ ಅಂತ ಒಂದು ತಿಂಗಳು ಹಗಲಿಡೀ ಎಲೆ ಮುಟ್ಟುವುದಿಲ್ಲ ನೀವು!"

"ನೋಂಬು ಅಲ್ಲಾಹನಿಗೆ," ಎಂದರು. "ಇದು ಡಾಕ್ಟ್ರಿಗೆ ಅಲ್ವಾ?"

ವಿಷಯ ಕೇಳಿದ ಡಾಕ್ಟರಿಗೆ, ಉಮ್ಮನನ್ನು ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಎಲೆಸಂಚಿಯನ್ನು ನನ್ನ ಚೀಲದಲ್ಲಿ ಅಡಗಿಸಿಟ್ಟು, ಮರುದಿನ ಇನ್ನೊಮ್ಮೆ ಕೊಳವೆ ನುಂಗಿಸಿದೆವು. ಈ ಸಲ ಕಂಡಿತು: ಜಠರ ದಾಟಿದ ಕೂಡಲೇ, ಸಣ್ಣ ಕರುಳಿನ ಆರಂಭದಲ್ಲಿ ಒಂದು ಹುಣ್ಣು. ಅದಕ್ಕೆ ಔಷಧಿ ಸಾಕು, ಆದರೂ ಈ ವಯಸ್ಸಿನಲ್ಲಿ ರಕ್ತ ಇಷ್ಟು ಇಳಿದಿದ್ದರೆ ದೊಡ್ಡ ಕರುಳನ್ನೂ ನೋಡಿಬಿಡುವ ಎಂದರು ಡಾಕ್ಟರು. ಹೊಟ್ಟೆ ತೊಳೆದುಹೋಗುವ ಔಷಧಿ ಕುಡಿದು ಕುಡಿದು ಸುಸ್ತಾದ ಉಮ್ಮ, "ಮೇಲಿಂದ ಆಯ್ತು, ಇನ್ನು ಕೆಳಗಿಂದಲಾ? ಆ ಅಜ್ಜನ ಮೂಗಿನದ್ದೂ ಮಾಡಿಬಿಡಿ," ಎಂದು ಸಿಡುಕಿದರು. ದೊಡ್ಡ ಕರುಳಿನಲ್ಲಿ ಒಂದು ಸಣ್ಣ ಗಡ್ಡೆ ಇತ್ತು. ಅದೇ ಕೊಳವೆಯಲ್ಲಿ ತೂರಿಸಿದ ತಂತಿಯಿಂದ ಕತ್ತರಿಸಿ ತೆಗೆದರು. ಪರೀಕ್ಷೆಯಲ್ಲಿ ಕ್ಯಾನ್ಸರ್ ಅಲ್ಲ ಎಂದು ಬಂತು. ಬಿಟ್ಟಿದ್ದರೆ ಮುಂದೆ ಆಗಬಹುದಿತ್ತಂತೆ. ಉಮ್ಮ ಆಕಾಶ ನೋಡಿ ನಕ್ಕರು. ಆ ಹೊತ್ತಿಗೆ ಬಾಯಲ್ಲಿ ಎಲೆ ಇರಲಿಲ್ಲ, ಅಭ್ಯಾಸ ಅಷ್ಟೇ.

ಆಮೇಲೂ ಹಲವು ವರ್ಷ ಬದುಕಿದರು. ಹೊಗೆಸೊಪ್ಪು ಬಿಟ್ಟರು, ಎಲೆ ಬಿಡಲಿಲ್ಲ. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ತುಟಿ ಆಗಲೂ ಕೆಂಪಗೇ ಇತ್ತು.

ಅವರು ಹೋದ ಮರುವರ್ಷ ನನಗೂ ಮಲದಲ್ಲಿ ರಕ್ತ ಕಾಣಿಸಿತು. ಮೂಲವ್ಯಾಧಿಯೋ, ಉಷ್ಣವೋ, ಬೇರೇನೋ, ಯಾವ ಡಾಕ್ಟರಿಗೆ ತೋರಿಸುವುದೋ ಒಂದೂ ತಿಳಿಯದೆ ಸುಮ್ಮನಿದ್ದೆ. ಅಷ್ಟೆಲ್ಲ ನೋಡಿದ ಮೇಲೂ ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಒಂದು ಬೆಳಿಗ್ಗೆ ನೀರು ಸೇದುತ್ತಿದ್ದಾಗ, ಅದೇ ಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಉಮ್ಮನ ಸೊಸೆಗೆ ಹೇಳಿಬಿಟ್ಟೆ. ಉಮ್ಮ ಹೇಳಿದ್ದ ಹಾಗೆಯೇ, ಮುಚ್ಚುಮರೆಯಿಲ್ಲದೆ.

ನನ್ನ ಕರುಳಿನಿಂದಲೂ ಗಡ್ಡೆ ತೆಗೆದರು. ಸಮಯಕ್ಕೆ ಸರಿಯಾಗಿ ಬಂದಿರಿ ಎಂದರು ಡಾಕ್ಟರು. ಆ ಸಮಯವನ್ನು ನನಗೆ ಕೊಟ್ಟವರು ಯಾರೆಂದು ಅವರಿಗೆ ಗೊತ್ತಿಲ್ಲ.

ಆ ಪರೀಕ್ಷೆಗೆಂದು ಆಸ್ಪತ್ರೆಗೆ ಹೊರಟ ದಿನ ಸೊಸೆಯೂ ಕೊಡೆ ಹಿಡಿದು ಜೊತೆಗೆ ಬಂದಳು. ಬಸ್ಸಿನಲ್ಲಿ ನನ್ನನ್ನು ಕಿಟಕಿಯ ಬದಿಗೆ ಕೂರಿಸಿ, ಜನ್ಮದಲ್ಲಿ ಎಲೆ ಮುಟ್ಟದ ನನಗೆ ಗಂಭೀರವಾಗಿ ಹೇಳಿದಳು: "ಟೀಚರೇ, ಹೆದರಿಕೆ ಆದ್ರೆ ನನ್ನ ಕೈ ಹಿಡ್ಕೊಳ್ಳಿ. ಎಲೆ ಮಾತ್ರ ಹಾಕ್ಬೇಡಿ."

ನಾನು ಮುಖ ಮೇಲೆತ್ತಿ ನಕ್ಕೆ. ತಗ್ಗಿಸಿದರೆ ಕಣ್ಣೀರು ಬೀಳುತ್ತಿತ್ತು.