ದೊಡ್ಡವ್ವ ತುಂಬಿದ ಉಡಿ

ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದರೆ ಅರೆದ ಎಳ್ಳು, ಅರಿಷಿಣದ ವಾಸನೆ ಗಮ್ಮೆಂದಿತು. ಇವತ್ತಿನ ಸಂಕ್ರಾಂತಿಗೆಂದು ನಮ್ಮವ್ವನ ಅಕ್ಕ, ದೊಡ್ಡವ್ವ, ಖಾನಾಪುರದ ಬಸ್ಸಿನಲ್ಲಿ ಬೆಳಗಾವಿಗೆ ಕಳಿಸಿದ್ದು. ಬೆನ್ನಿಗೇ ಅವಳ ಫೋನು: "ಮನ್ಯಾಗ ಹಚ್ಕೊಂಡು ಜಳಕ ಮಾಡು. ಹೊಳಿಗೆ ಬರಬ್ಯಾಡ." ನೀವು ದೊಡ್ಡವ್ವನನ್ನು ನೋಡಿದವರಲ್ಲ, ಈ ಮಾತಿನ ಭಾರ ನಿಮಗೆ ತಿಳಿಯಲಿಕ್ಕಿಲ್ಲ. ಸಂಕ್ರಾಂತಿಯ ದಿನ ಮಲಪ್ರಭೆಯಲ್ಲಿ ಮುಳುಗು ಹಾಕದವರಿಗೆ ಅವಳು ರೊಟ್ಟಿ ನೀಡಿದವಳೇ ಅಲ್ಲ.

ನಾನೋ, ಬಚ್ಚಲಲ್ಲಿ ನೀರು ಕುದಿಯುತ್ತಿದ್ದರೂ ನಡುಗುವ ಗಿರಾಕಿ. ಚಿಕ್ಕಂದಿನಲ್ಲಿ ಖಾನಾಪುರದ ಆಚೆಯ ಅವಳ ಊರಿಗೆ ಹೋದರೆ ಮೈತುಂಬ ಅರೆದ ಎಳ್ಳು ಹಚ್ಚಿ ಹೊಳೆಗೆ ದೂಡುತ್ತಿದ್ದಳು. ಹಲ್ಲು ಕಟಕಟಿಸುತ್ತ ಎದ್ದರೆ, "ಹೆದರ್ತಿ ಯಾಕಲೇ? ಹೊಳಿ ಏನ್ ಹುಲಿ ಏನು?" ಎಂದು ನಗುತ್ತಿದ್ದಳು. ಆಮೇಲೆ ದಂಡೆಯ ಮೇಲೆ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಬೆಳಗಾವಿಯ ನಾವು ನಾಲಾ ದಾಟುವಾಗ ಮೂಗು ಮುಚ್ಚಿಕೊಳ್ಳುವುದನ್ನು ನಡಿಗೆಯ ಜೊತೆಗೇ ಕಲಿತವರು. ಇಲ್ಲಿ ಮೂಗು ಮುಚ್ಚದೆ ಉಣ್ಣಬಹುದಾಗಿತ್ತಲ್ಲ, ಆ ಊಟದ ಅರ್ಧ ರುಚಿ ಅದೇ ಇರಬೇಕು.

ಮನೆಗಳು ಹೆಚ್ಚಿ ದೊಡ್ಡವ್ವನ ಊರಿನ ಗಟಾರವೂ ಹೊಳೆ ಸೇರತೊಡಗಿದಾಗ, ಹೊಲಸು ನೀರು ಶುದ್ಧ ಮಾಡುವ ಘಟಕವೊಂದು ದಂಡೆಯ ಮೇಲೆ ಎದ್ದಿತು. ಉದ್ಘಾಟನೆಗೆ ಬಂದ ಸಾಹೇಬರು, "ಇಲ್ಲಿಂದ ಹೊಳೆಗೆ ಹೋಗುವುದು ಕನ್ನಡಿಯಂಥ ನೀರು" ಎಂದು ಭಾಷಣ ಬಿಗಿದರು. ಹೊಸ ನೀರು ಬಂದರೆ ನಮ್ಮ ಹೆಂಗಸರು ಸುಮ್ಮನಿರುವುದುಂಟೆ? ದೊಡ್ಡವ್ವನೇ ಮುಂದಾಗಿ ಪೈಪಿನ ಬಾಯಿಗೆ ಅರಿಷಿಣ ಕುಂಕುಮ ಹಚ್ಚಿ, ಹಸಿರು ಕುಪ್ಪಸದ ಖಣ, ಅಕ್ಕಿ, ತೆಂಗಿನಕಾಯಿ ಇಟ್ಟು ಗಂಗವ್ವನಿಗೆ ಉಡಿ ತುಂಬಿದಳು. ಅಷ್ಟಕ್ಕೇ ಬಿಡಲಿಲ್ಲ. ಹೋದ ಸಂಕ್ರಾಂತಿಯ ಜಳಕವನ್ನು ಹಳೆಯ ಮೆಟ್ಟಿಲು ಬಿಟ್ಟು ಆ ಪೈಪಿನ ಬುಡದಲ್ಲೇ ಮಾಡಿದಳು. ಶುದ್ಧವಾದ ನೀರು ಮೊದಲು ಬೀಳುವುದು ಅಲ್ಲೇ ಅಲ್ಲವೇ! ವಾಸನೆ ಬಂದದ್ದಕ್ಕೆ, ಮಷೀನಿನ ಔಷಧದ್ದಿರಬೇಕು ಎಂದುಕೊಂಡಳಂತೆ.

ಆದರೆ ಒಳಗಿನ ಯಂತ್ರ ಉದ್ಘಾಟನೆಯ ಬೆನ್ನಿಗೇ ನಿಂತಿತ್ತು. ತಪಾಸಣೆಯವರು ಬಂದ ದಿನ ಮಾತ್ರ ತಿರುಗುತ್ತಿತ್ತಂತೆ. ಉಳಿದ ದಿನ ಊರ ಹೊಲಸು ಒಂದು ಕಡೆಯಿಂದ ಹೊಕ್ಕು, ಇನ್ನೊಂದು ಕಡೆಯಿಂದ ಬಂದ ಹಾಗೆಯೇ ಹೊಳೆಗೆ. ದೊಡ್ಡವ್ವನ ಮೈಮೇಲೆ ಗುಳ್ಳೆ ಎದ್ದವು, ಕೆರೆದೂ ಕೆರೆದೂ ಹುಣ್ಣಾದವು. ಹುಣ್ಣು ಮಾಯಿತು, ನನ್ನ ಸಿಟ್ಟು ಮಾಯಲಿಲ್ಲ. ಕನ್ನಡಿಯಂಥ ನೀರಂತೆ! ಆ ಕನ್ನಡಿಯಲ್ಲಿ ಅವರು ಒಮ್ಮೆ ತಮ್ಮ ಮೋತಿ ನೋಡಿಕೊಳ್ಳಲಿ.

ಡಬ್ಬಿಯ ಮುಚ್ಚಳ ಹಾಕಿ ಅದನ್ನೇ ಹಿಡಿದುಕೊಂಡು ಖಾನಾಪುರದ ಬಸ್ಸು ಹತ್ತಿದೆ.

"ಬರಬ್ಯಾಡ ಅಂದಿದ್ನೆಲ್ಲೋ?" ಎಂದಳು ದೊಡ್ಡವ್ವ, ಬಾಗಿಲಲ್ಲೇ.

"ಜಳಕಕ್ಕ ಬಂದಿಲ್ಲ, ಜಗಳಕ್ಕ ಬಂದೀನಿ."

ಅವಳು ಸೆರಗು ಸೊಂಟಕ್ಕೆ ಸಿಗಿಸಿ ಚಪ್ಪಲಿ ಮೆಟ್ಟಿದಳು.

ಘಟಕದ ಗೇಟಿಗೆ ಅಲ್ಲಿನ ಮೇಲ್ವಿಚಾರಕ ಬಂದ. "ಏನ್ ಬೇಕಾಗಿತ್ತರಿ ಆಯಿ?"

"ನಾ ತುಂಬಿದ ಉಡಿ ತಿರುಗಿ ಕೊಡ್ರಿ. ಗಂಗವ್ವಗ ಅಂತ ತುಂಬಿದ್ದೆ. ನಿಮ್ಮ ಗಟಾರಕ್ಕಲ್ಲ."

ಅವನು ತಲೆ ಕೆರೆದುಕೊಂಡ. "ಹಬ್ಬ ಐತಿ, ಇವತ್ತೊಂದಿನ ಮಷೀನ್ ಚಾಲೂ ಮಾಡಸ್ತೀನ್ರಿ." ಅಂದರೆ ಯಂತ್ರ ಕೆಟ್ಟೇ ಇರಲಿಲ್ಲ!

"ಹೊಳಿ ಇವತ್ತೊಂದಿನ ಹರೀತೈತೇನಪಾ?" ಎಂದವಳೇ ದೊಡ್ಡವ್ವ ಗೇಟಿನ ಮುಂದೆ ನೆಲಕ್ಕೆ ಕುಳಿತಳು. ಡಬ್ಬಿ ಇಸಿದುಕೊಂಡು ಮುಖಕ್ಕೆ, ಕೈಗೆ ಎಳ್ಳು ಬಳಿದುಕೊಂಡಳು. ನನಗೂ ಬಳಿದಳು. "ಹೊಳಿ ತಿಳಿ ಆಗೂತನಕ ತೊಳಕೊಳ್ಳಾಂಗಿಲ್ಲ," ಎಂದಳು.

ಬಿಸಿಲೇರಿದೆ. ಎಳ್ಳು ಒಣಗಿ ಮೈ ಬಿಗಿಯುತ್ತಿದೆ, ತುರಿಸುತ್ತಿದೆ. ತಣ್ಣೀರಿಗೆ ಹೆದರುವ ನಾನು, ಜನ್ಮದಲ್ಲಿ ಮೊದಲ ಸಲ, ಹೊಳೆಗೆ ಇಳಿಯಲು ಕಾಯುತ್ತ ಕೂತಿದ್ದೇನೆ.