ಶುಕ್ರವಾರದ ಪಾಲು

ನನ್ನ ಹೆಂಡತಿ ಬಸುರಿಯಾಗಿದ್ದಾಗ ಅವಳಿಗೆಂದು ತಂದ ಮಾಂಸವನ್ನು ನಾನು ತಿಂದೆ. ಒಂದೇ ವಾಕ್ಯದಲ್ಲಿ ಹೀಗೆ ಬರೆದರೆ ಯಾರಿಗೂ ಅದು ದೊಡ್ಡ ಅಪರಾಧ ಅನ್ನಿಸಲಿಕ್ಕಿಲ್ಲ. ನನಗೂ ಆಗ ಅನ್ನಿಸಿರಲಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯಬೇಕು.

ಅದು ಅರವತ್ತರ ದಶಕದ ಆರಂಭ. ನಾನು ಬಂಟ್ವಾಳದ ಒಂದು ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದೆ. ಹುಟ್ಟಿದ್ದು ಮಡಂತ್ಯಾರಿನ ಹತ್ತಿರ, ಹೈಸ್ಕೂಲು ಮುಗಿಸಿದ್ದು ಬೆಳ್ತಂಗಡಿಯಲ್ಲಿ. ನಮ್ಮ ವಾಳ್ಯದ, ಎಂದರೆ ಚರ್ಚಿಗೆ ಸೇರಿದ ನಮ್ಮ ಕೇರಿಯ, ಕ್ರಿಶ್ಚಿಯನ್ನರಲ್ಲಿ ಅಷ್ಟು ಓದಿದವರು ಕಡಿಮೆ. ಅರ್ಜಿ ಬರೆಸಲು ಜನ ನನ್ನ ಹತ್ತಿರ ಬರುತ್ತಿದ್ದರು. ಇಗರ್ಜಿಯ ಜ್ಞಾನೋಪದೇಶದ ಪರೀಕ್ಷೆಯಲ್ಲಿ ಹುಡುಗನಾಗಿದ್ದಾಗ ನನಗೆ ಬಹುಮಾನ ಬಂದಿತ್ತು. ಆ ಹೆಮ್ಮೆ ದೊಡ್ಡವನಾದ ಮೇಲೂ ಹೋಗಲಿಲ್ಲ. ಯಾವುದು ಪಾಪ, ಯಾವುದು ಅಲ್ಲ ಎಂದು ಯಾರಾದರೂ ಕೇಳಿದರೆ ಪಾದ್ರಿಗಳಿಗಿಂತ ಮೊದಲು ನಾನು ಉತ್ತರ ಕೊಡುತ್ತಿದ್ದೆ.

ಹೆಂಡತಿ ಶಿರ್ತಾಡಿ ಕಡೆಯವಳು. ಮನೆಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದಳು. ಬೆಳಿಗ್ಗೆ ಗಂಜಿ ಬೇಯಿಸಿ, ನೀರು ಸೇದಿ, ನನ್ನನ್ನು ಮಿಲ್ಲಿಗೆ ಕಳಿಸಿ ಬೀಡಿ ಎಲೆಯ ಗೆರಸೆ ಮಡಿಲಿಗೆ ಎಳೆದುಕೊಂಡರೆ ಸಂಜೆ ಬೀಡಿ ಒಯ್ದು ಕೊಡುವವರೆಗೆ ಏಳುವಂತಿರಲಿಲ್ಲ. ಎದ್ದರೆ ಲೆಕ್ಕ ಕಡಿಮೆಯಾಗುತ್ತಿತ್ತು. ಮೊದಲ ಬಸುರು ಅರ್ಧದಲ್ಲೇ ಇಳಿದುಹೋಗಿತ್ತು. ಎರಡನೆಯದು ನಿಂತಾಗ ಅವಳ ಮುಖ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು. ಮೆಟ್ಟಿಲು ಹತ್ತಿದರೆ ಕಂಬ ಹಿಡಿದು ನಿಲ್ಲುತ್ತಿದ್ದಳು.

ತವರಿಗೆ ಹೋದಾಗ ಅವಳ ತಾಯಿ ಅವಳನ್ನು ಮೂಡುಬಿದಿರೆಯ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲ ಎಂದರು. ಹೆರಿಗೆಗೆ ಮೊದಲು ರಕ್ತ ಆಗದಿದ್ದರೆ ತಾಯಿ, ಮಗು ಇಬ್ಬರಿಗೂ ಕಷ್ಟ ಎಂದು ನನ್ನನ್ನು ನೋಡಿಯೇ ಹೇಳಿದರು. ಕೊಟ್ಟ ಗುಳಿಗೆ ಅವಳಿಗೆ ವಾಂತಿಯಾಗುತ್ತಿತ್ತು. ಹಾಗಾದರೆ ಊಟದಲ್ಲೇ ಆಗಬೇಕು, ನೀವು ದನದ ಮಾಂಸ ತಿನ್ನುವವರಲ್ಲವೇ, ದಿನಾ ಸ್ವಲ್ಪ ಸ್ವಲ್ಪ ತಿನ್ನಲಿ ಎಂದರು.

ಮಸಾಲೆ ಅರೆದು ಪದಾರ್ಥ ಮಾಡುವ ಶಕ್ತಿ ಅವಳಿಗಿರಲಿಲ್ಲ. ಸಮಯವೂ ಇರಲಿಲ್ಲ. ಅದಕ್ಕೆ ಅತ್ತೆ ಒಂದು ಸುಲಭದ ದಾರಿ ಹೇಳಿಕೊಟ್ಟರು. ಮಾಂಸವನ್ನು ಚೂರು ಮಾಡದೆ ಇಡೀ ತುಂಡಾಗಿಯೇ ಇಟ್ಟುಕೊಳ್ಳುವುದು. ಉಪ್ಪು, ಅರಸಿನ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಕುಟ್ಟಿದ ಕಾಳುಮೆಣಸು, ಒಂದಿಷ್ಟು ಕಳ್ಳು ಹುಳಿಸಿದ ಶಿರ್ಕ ಹಚ್ಚಿ ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ಮಣ್ಣಿನ ಪಾತ್ರೆಯಲ್ಲಿ ಅದರ ಕೊಬ್ಬನ್ನೇ ಕರಗಿಸಿ ತುಂಡನ್ನು ಎರಡೂ ಬದಿ ಕೆಂಪು ಮಾಡಿ, ನಾಲ್ಕಾಗಿ ಸೀಳಿದ ನೀರುಳ್ಳಿ, ಲವಂಗ, ಚೆಕ್ಕೆ ಹಾಕಿ, ಬೊಗಸೆ ನೀರು ಹೊಯ್ದು ಮುಚ್ಚುವುದು. ಮುಚ್ಚಳದ ಮೇಲೂ ನೀರು ನಿಲ್ಲಿಸಬೇಕು. ಆಗ ಒಳಗಿನ ರಸ ಆರುವುದಿಲ್ಲ. ಕೆಳಗೆ ಉಮಿಯ ಬೆಂಕಿ. ಉಮಿ ನಾನು ಮಿಲ್ಲಿನಿಂದ ಗೋಣಿಯಲ್ಲಿ ತರುತ್ತಿದ್ದೆ. ಅದು ಉರಿಯುವುದಿಲ್ಲ, ಒಳಗೊಳಗೇ ಕೆಂಡವಾಗಿ ಇಡೀ ದಿನ ಇರುತ್ತದೆ. ಪಾತ್ರೆ ಇಟ್ಟು ಅವಳು ಬೀಡಿಗೆ ಕುಳಿತರೆ ಸಂಜೆಯವರೆಗೆ ಅದರ ಕಡೆ ನೋಡಬೇಕಾಗಿರಲಿಲ್ಲ. "ಇದಕ್ಕೆ ಕೈ ಬೇಡ ಮಗಾ, ಹೊತ್ತು ಸಾಕು" ಎಂದಿದ್ದರು ಅತ್ತೆ.

ಮಾಂಸ ಸಿಗುತ್ತಿದ್ದದ್ದು ಭಾನುವಾರ ಮತ್ತು ಬುಧವಾರ. ಭಾನುವಾರದ್ದು ನೆಂಟರು, ನೆರೆಯವರು ಎಂದು ಅಂದೇ ಮುಗಿಯುತ್ತಿತ್ತು. ಬುಧವಾರ ಸಂಜೆ ಮಿಲ್ಲು ಬಿಟ್ಟು ಬರುವಾಗ ನಾನು ಒಂದು ಒಳ್ಳೆಯ ತುಂಡು ಎಲೆಯಲ್ಲಿ ಕಟ್ಟಿಸಿ ತರುತ್ತಿದ್ದೆ. ಗುರುವಾರ ಸಂಜೆ ಪಾತ್ರೆಯ ಮುಚ್ಚಳ ತೆರೆಯುತ್ತಿತ್ತು.

ಆಗ ಕೊಯ್ಲು ಮುಗಿದು ಮಿಲ್ಲಿಗೆ ಭತ್ತ ಬರುವ ಕಾಲ. ಬೆಳಿಗ್ಗೆಯಿಂದ ಗಾಡಿಗಳ ಸಾಲು, ತೂಕ, ಜಗಳ, ಕಣ್ಣಿಗೆ ಮೂಗಿಗೆ ಧೂಳು. ಮನೆಗೆ ಬಂದು ಮೈ ತೊಳೆದು ಮಣೆಯ ಮೇಲೆ ಕುಳಿತರೆ ಮಾತು ಹೊರಡದಷ್ಟು ಸುಸ್ತು. ನಮ್ಮ ಮನೆಗಳಲ್ಲಿ ಗಂಡಸರು ಊಟ ಮಾಡಿ ಎದ್ದ ಮೇಲೆ ಹೆಂಗಸರು ಕುಳಿತುಕೊಳ್ಳುವುದು. ಬಡಿಸುವವಳು ಹಾಕುತ್ತಲೇ ಇರುತ್ತಾಳೆ, ಉಣ್ಣುವವನು ಸಾಕು ಎನ್ನಬೇಕು. ಆ ಮಾಂಸ ಬೆರಳು ತಾಗಿದರೆ ಬಿಡಿಸಿಕೊಳ್ಳುವಷ್ಟು ಮೆತ್ತಗೆ ಬೆಂದಿರುತ್ತಿತ್ತು. ಅದರ ಕಪ್ಪು ರಸ ಕುಚ್ಚಲಕ್ಕಿ ಅನ್ನದ ಮೇಲೆ ಬಿದ್ದರೆ ಇನ್ನೊಂದು ಪದಾರ್ಥ ಬೇಕೆನಿಸುತ್ತಿರಲಿಲ್ಲ. ಅವಳು ತುಂಡಿನಿಂದ ಕೊಯ್ದು ಕೊಯ್ದು ಹಾಕುತ್ತಿದ್ದಳು. ನಾನು ಸಾಕು ಎನ್ನುತ್ತಿರಲಿಲ್ಲ. ಇದು ಯಾರಿಗಾಗಿ ತಂದದ್ದು ಎಂಬ ನೆನಪು ಆ ಹೊತ್ತಿಗೆ ನನಗೆ ಬರುತ್ತಿರಲಿಲ್ಲ ಎಂದು ಬರೆಯಬಹುದು. ಆದರೆ ಅದು ಸುಳ್ಳು. ಬರುತ್ತಿತ್ತು. ಒಳಗೆ ಇನ್ನೂ ಇರಬಹುದು ಎಂದುಕೊಂಡು ಉಣ್ಣುತ್ತಿದ್ದೆ. ಪಾತ್ರೆಯೊಳಗೆ ಒಮ್ಮೆಯೂ ಇಣುಕಿ ನೋಡಲಿಲ್ಲ.

ಮಾಂಸ ಮಾರುವ ಬ್ಯಾರಿಯವರಿಗೆ ವಿಷಯ ಗೊತ್ತಿತ್ತು. ಬಸುರಿಗೆ ಎಂದು ನಾನೇ ಹೇಳಿ ಒಳ್ಳೆಯ ಜಾಗದ ತುಂಡು ಕೇಳುತ್ತಿದ್ದೆ. ಒಂದು ಬುಧವಾರ ಅವರು ಕತ್ತಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕ್ರಿಶ್ಚಿಯನ್ನರನ್ನು ನಮ್ಮ ಕಡೆ ಕರೆಯುವಂತೆ ಕರೆದು, "ಪೊರ್ಬುಗಳೇ, ಬಸುರಿ ಯಾರು ಮಾರಾಯ್ರೇ? ಕೆನ್ನೆ ತುಂಬಿಕೊಂಡು ಬಂದದ್ದು ನಿಮ್ಮದು" ಎಂದರು. ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ.

ಇನ್ನು ಶುಕ್ರವಾರದ ವಿಷಯ. ಆಗ ನಮಗೆ ಶುಕ್ರವಾರ ಮಾಂಸ ಮುಟ್ಟುವಂತಿರಲಿಲ್ಲ. ಯೇಸು ಶಿಲುಬೆಯಲ್ಲಿ ಪ್ರಾಣ ಬಿಟ್ಟ ದಿನ. ಗೊತ್ತಿದ್ದೂ ತಿಂದರೆ ಅದು ಭಾರೀ ಪಾಪ, ಪಾದ್ರಿಗಳ ಮುಂದೆ ಪಾಪನಿವೇದನೆ ಮಾಡಿಯೇ ಕಳೆದುಕೊಳ್ಳಬೇಕು. ನಾನು ಬುತ್ತಿಗೆ ಗಂಜಿಯೂ ಮಾವಿನ ಉಪ್ಪಿನಕಾಯಿಯೂ ಒಯ್ಯುತ್ತಿದ್ದ ದಿನ ಅದು.

ಒಂದು ಶುಕ್ರವಾರ ಮಿಲ್ಲಿನ ಎಂಜಿನ್ನಿನ ಪಟ್ಟಿ ಹರಿಯಿತು. ಮಂಗಳೂರಿನಿಂದ ಬೇರೆ ಬರಬೇಕು ಎಂದು ಮಧ್ಯಾಹ್ನವೇ ನಮ್ಮನ್ನು ಬಿಟ್ಟರು. ಬಿಸಿಲಲ್ಲಿ ನಡೆದು ಮನೆಗೆ ಬಂದೆ. ಜಗಲಿಯಲ್ಲಿ ಬೀಡಿಯ ಗೆರಸೆ ಇತ್ತು, ಅವಳಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರೆ ಅವಳು ಒಲೆಯ ಹತ್ತಿರ ನೆಲದಲ್ಲಿ ಕುಳಿತಿದ್ದಳು. ಮಣ್ಣಿನ ಪಾತ್ರೆ ಮಡಿಲ ಹತ್ತಿರ ಇತ್ತು. ಅನ್ನಕ್ಕೆ ಗುರುವಾರದ ಮಾಂಸದ ಚೂರುಗಳನ್ನು ಕಲಸಿಕೊಂಡು, ಯಾರೋ ಅಟ್ಟಿಸಿಕೊಂಡು ಬರುತ್ತಿರುವ ಹಾಗೆ, ಬೇಗ ಬೇಗ ತಿನ್ನುತ್ತಿದ್ದಳು.

"ಇವತ್ತು ಎಂತ ವಾರ?" ಎಂದು ಕೇಳಿದೆ.

ಅವಳು ಬಾಯಲ್ಲಿದ್ದದ್ದನ್ನು ನುಂಗಿದಳು. "ಶುಕ್ರವಾರ."

"ಗೊತ್ತಿದ್ದೂ ತಿಂತಿದ್ದೀಯಾ?"

"ಬೇರೆ ದಿನ ಉಳಿಯುವುದಿಲ್ಲ," ಎಂದಳು.

ದೂರುವ ಧ್ವನಿಯಲ್ಲ ಅದು. ಬಾವಿಯಲ್ಲಿ ನೀರು ತಳಕ್ಕೆ ಹೋಗಿದೆ ಎಂದು ಹೇಳುವ ಹಾಗೆ ಹೇಳಿದಳು. ವಾರದಲ್ಲಿ ಆ ಒಂದು ದಿನ ನಾನು ಪಾತ್ರೆಯ ಹತ್ತಿರ ಬರುವುದಿಲ್ಲ. ಆದ್ದರಿಂದ ಗುರುವಾರ ನನ್ನ ಕಣ್ಣಿಗೆ ಬೀಳದಂತೆ ಎಲುಬಿನ ಬದಿಯ ನಾಲ್ಕು ಚೂರು ರಸದಡಿಯಲ್ಲಿ ಉಳಿಸಿ, ಅದನ್ನು ಶುಕ್ರವಾರ ಮಧ್ಯಾಹ್ನ ತಿನ್ನುತ್ತಿದ್ದಳು. ಇದೆಲ್ಲ ಆ ಮೂರು ಶಬ್ದದಲ್ಲೇ ಇತ್ತು. ನನಗೆ ಅರ್ಥವೂ ಆಯಿತು. ಅರ್ಥವಾದದ್ದಕ್ಕೇ ಸಿಟ್ಟು ಹೆಚ್ಚಾಯಿತು.

ಕಾಯಿಲೆಯವರಿಗೆ, ಬಸುರಿಯರಿಗೆ ಶುಕ್ರವಾರದ ನಿಯಮ ಇಲ್ಲ ಎಂದು ಜ್ಞಾನೋಪದೇಶದಲ್ಲಿ ಬಾಯಿಪಾಠ ಮಾಡಿ ಬಹುಮಾನ ಪಡೆದವನು ನಾನು. ಆ ಹೊತ್ತಿಗೂ ಅದು ನನಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಹೊಟ್ಟೆಯಲ್ಲಿ ಗಂಜಿನೀರು ಬಿಟ್ಟರೆ ಏನೂ ಇರಲಿಲ್ಲ, ಮೂಗಿಗೆ ಆ ವಾಸನೆ, ನನಗಿಲ್ಲದ್ದು ಅವಳಿಗೆ ಉಂಟು. ಅದಕ್ಕೆ ಹೊಟ್ಟೆಕಿಚ್ಚು ಎಂದಲ್ಲದೆ ಬೇರೆ ಹೆಸರಿಲ್ಲ. ಆದರೆ ನನ್ನ ಬಾಯಿಂದ ಬಂದದ್ದು ದೇವರ ಹೆಸರು. ಪಾತ್ರೆ ಮುಚ್ಚಿಡು ಎಂದೆ. ಅವಳು ಬಟ್ಟಲಲ್ಲಿ ಉಳಿದದ್ದನ್ನು ತಿರುಗಿ ಪಾತ್ರೆಗೆ ಹಾಕಿ ಕೈ ತೊಳೆದಳು. ಮರುದಿನ ಶನಿವಾರ ಅದನ್ನು ಬಿಸಿ ಮಾಡಿ ನನಗೇ ಬಡಿಸಿದಳು. ನಾನು ತಿಂದೆ.

ಅದೇ ಶನಿವಾರ ಸಂಜೆ ಪಾಪನಿವೇದನೆಗೆ ಹೋಗಿ ಬಾ ಎಂದು ಅವಳನ್ನು ಕಳಿಸಿದೆ. ಇಗರ್ಜಿ ಗುಡ್ಡದ ಮೇಲೆ. ಅವಳು ಹೊಟ್ಟೆ ಹೊತ್ತುಕೊಂಡು, ಅಲ್ಲಲ್ಲಿ ಕುಳಿತು, ಹತ್ತಿ ಇಳಿದು ಬರುವಾಗ ಕತ್ತಲಾಗಿತ್ತು. ಪಾದ್ರಿಗಳು ಎಂತ ಹೇಳಿದರು ಎಂದು ಕೇಳಿದೆ.

"ನನಗೆ ಶುಕ್ರವಾರ ಇಲ್ಲವಂತೆ. ಬಸುರಿಗೆ ಅದು ಪಾಪ ಅಲ್ಲವಂತೆ. ತಿನ್ನು ಅಂತ ಹೇಳಿದ್ರು."

ಹೇಳುವಾಗ ಅವಳ ಮುಖದಲ್ಲಿ ಸಣ್ಣದೊಂದು ಸಮಾಧಾನ ಇತ್ತು. ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ನನಗೆ ಗೊತ್ತಿದ್ದದ್ದು ಅವಳಿಗೂ ಗೊತ್ತಾಯಿತು ಎಂಬುದನ್ನು ನನ್ನಿಂದ ತಡೆದುಕೊಳ್ಳಲಿಕ್ಕಾಗಲಿಲ್ಲ.

"ಪಾದ್ರಿಗಳು ಹೇಳ್ತಾರೆ, ಅವರಿಗೇನು," ಎಂದೆ. "ಒಂದು ಮಗು ಹೋಗಿದೆ. ಇನ್ನು ದೇವರ ಹತ್ತಿರ ಚರ್ಚೆ ಬೇಡ."

ಆಮೇಲೆ ಶುಕ್ರವಾರ ಅವಳು ಮಾಂಸ ಮುಟ್ಟಲಿಲ್ಲ. ಗುರುವಾರಗಳು ಮೊದಲಿನ ಹಾಗೆಯೇ ನಡೆದವು. ನಾನು ಒಂದೆರಡು ಸಲ "ನಿನಗೂ ಇಟ್ಟುಕೋ" ಎಂದದ್ದುಂಟು. ಉಂಟು ಎನ್ನುತ್ತಿದ್ದಳು. ಮೂಡುಬಿದಿರೆಗೆ ಮತ್ತೆ ಹೋದಾಗ ಡಾಕ್ಟರು ರೆಪ್ಪೆ ಎಳೆದು ನೋಡಿ, ಮಾಂಸ ತಿನ್ನುತ್ತಿದ್ದಾಳೋ ಎಂದು ಕೇಳಿದರು. ಅವಳು ನನ್ನ ಕಡೆ ನೋಡದೆ ತಿನ್ನುತ್ತೇನೆ ಎಂದಳು. ಹಾಗಾದರೆ ಮೈಗೆ ಯಾಕೆ ಹತ್ತುವುದಿಲ್ಲ ಎಂದು ಡಾಕ್ಟರು ತಮಗೇ ಹೇಳಿಕೊಂಡರು. ನಾನು ಕೈಯಲ್ಲಿದ್ದ ಕೊಡೆ ಬಿಚ್ಚುವುದು, ಮಡಚುವುದು ಮಾಡುತ್ತಿದ್ದೆ.

ಹೆರಿಗೆ ದಿನಕ್ಕೆ ಮೊದಲೇ ಬಂತು. ಬಾಡಿಗೆ ಕಾರಿನಲ್ಲಿ ಮಂಗಳೂರಿಗೆ ಒಯ್ದೆವು. ಅವಳಿಗೆ ತುಂಬ ರಕ್ತ ಹೋಯಿತು. ಅವಳು ಉಳಿದದ್ದೇ ಹೆಚ್ಚು ಎಂದು ಅಲ್ಲಿನವರು ಹೇಳಿದರು. ಹೆಣ್ಣುಮಗು. ಬೆಳಿಗ್ಗೆ ಹುಟ್ಟಿ ಸಂಜೆಯ ಒಳಗೆ ತೀರಿಕೊಂಡಿತು. ನರ್ಸೊಬ್ಬಳು ಅವಸರದಲ್ಲಿ ನೀರು ಹೊಯ್ದು ಜ್ಞಾನಸ್ನಾನ ಕೊಟ್ಟಿದ್ದಳು. ಮಾಂಸ ತಿಂದಿದ್ದರೆ ಉಳಿಯುತ್ತಿತ್ತು ಎಂದು ಯಾರೂ ಹೇಳಲಿಲ್ಲ. ಹಾಗೆ ಹೇಳಲು ಯಾರಿಗೂ ಆಗುವುದೂ ಇಲ್ಲ. ನಾನು ಆ ಮಾತಿನ ಮರೆಯಲ್ಲಿ ಬಹಳ ವರ್ಷ ಕುಳಿತುಕೊಂಡೆ.

ಬಾಣಂತನಕ್ಕೆ ಅತ್ತೆ ನಮ್ಮಲ್ಲಿಗೇ ಬಂದರು. ಅದೇ ಪಾತ್ರೆ, ಅದೇ ಉಮಿಯ ಬೆಂಕಿ. ಸಂಜೆ ನಾನು ಮಣೆ ಹಾಕಿ ಕುಳಿತರೆ ಅವರು ನನ್ನ ಬಟ್ಟಲಿಗೆ ಮೀನಿನ ಸಾರು ಹೊಯ್ದು, ಮಣ್ಣಿನ ಪಾತ್ರೆಯನ್ನು ಎತ್ತಿಕೊಂಡು ಒಳಕೋಣೆಗೆ ಹೊರಟರು. ನಾನು ನೋಡುತ್ತಿದ್ದೆ.

"ನೀವು ಊಟ ಮಾಡಿ ಅಳಿಯಂದಿರೇ," ಎಂದರು. "ಇದರಲ್ಲಿ ನಿಮಗೆ ಎಂತ ಇಲ್ಲ. ನಿಮ್ಮದು ಆಗಿದೆ."

ಮಗಳು ಹೇಳಿದ್ದಳೋ, ತಾಯಿಯೇ ತಿಳಿದುಕೊಂಡಿದ್ದರೋ ಗೊತ್ತಿಲ್ಲ. ಒಳಗಿನಿಂದ ಅವರು ಒಂದೊಂದೇ ತುತ್ತು ಕೊಟ್ಟು, ನುಂಗು, ನುಂಗು ಎನ್ನುವುದು ಕೇಳುತ್ತಿತ್ತು. ಅವಳಿಗೆ ಸೇರುತ್ತಿರಲಿಲ್ಲ.

ಆಮೇಲೆ ಮಕ್ಕಳಾಗಲಿಲ್ಲ. ಅವಳು ಮತ್ತೆ ಗೆರಸೆ ಹಿಡಿದಳು, ನಾನು ಮಿಲ್ಲಿನ ಪುಸ್ತಕ ಹಿಡಿದೆ. ಅವಳ ಸುಸ್ತು ಹೋಗಲೇ ಇಲ್ಲ. ನಾನು ಅದನ್ನು ಅವಳ ಸ್ವಭಾವ ಎಂದು ಜನರಿಗೆ ಹೇಳುತ್ತಿದ್ದೆ. ಇಬ್ಬರೂ ದಣಿದವರೇ. ಸಂಜೆ ದೀಪ ಹಚ್ಚಿ ಜಪಮಾಲೆ ಹೇಳುವಾಗ ಅರ್ಧಕ್ಕೇ ಅವಳ ತಲೆ ಗೋಡೆಗೆ ಒರಗುತ್ತಿತ್ತು. ಎಬ್ಬಿಸಿ ಮುಂದುವರಿಸುತ್ತಿದ್ದೆ.

ಕೆಲವು ವರ್ಷ ಕಳೆದು, ಆ ದಶಕ ಮುಗಿಯುವುದಕ್ಕೆ ಮೊದಲು, ಒಂದು ಭಾನುವಾರ ಪೂಜೆಯಲ್ಲಿ ಪಾದ್ರಿಗಳು ಹೊಸ ವಿಷಯ ಹೇಳಿದರು. ಶುಕ್ರವಾರದ ನಿಯಮ ಸಡಿಲವಾಗಿದೆ, ಮಾಂಸ ಬಿಡುವ ಬದಲು ಬೇರೆ ಪ್ರಾರ್ಥನೆಯನ್ನೋ ದಾನವನ್ನೋ ಮಾಡಬಹುದು ಎಂದು. ಗಂಡಸರ ಸಾಲಿನಲ್ಲಿ ಗುಸುಗುಸು ಆಯಿತು. ಹಿಂದೆ ಕುಳಿತಿದ್ದ ಮುದುಕನೊಬ್ಬ, ಇಷ್ಟು ಕಾಲ ಶುಕ್ರವಾರಗಳಲ್ಲಿ ತಿಂದ ಬಂಗುಡೆ ಮೀನಿನ ಲೆಕ್ಕ ಯಾರು ಕೊಡ್ತಾರೆ ಎಂದ.

ಗದ್ದೆಯ ಬದುವಿನಲ್ಲಿ ನಾವು ಮನೆಗೆ ನಡೆದು ಬರುತ್ತಿದ್ದೆವು. ನಾನು ಮುಂದೆ, ಅವಳು ಹಿಂದೆ. ಅವಳ ಹೆಜ್ಜೆ ನಿಂತದ್ದು ಕೇಳಿ ತಿರುಗಿದೆ. ಸುಸ್ತಾಯಿತೋ ಎಂದುಕೊಂಡೆ.

"ಹಾಗಾದರೆ," ಎಂದಳು, "ಮಗು ಹೋದದ್ದು ನಾನು ತಿಂದದ್ದಕ್ಕೆ ಅಲ್ಲ ಅಂತ ಆಯ್ತಾ?"

ಅಷ್ಟು ವರ್ಷ ಅವಳು ಅದನ್ನು ಹೊತ್ತುಕೊಂಡಿದ್ದಳು. ಪಾದ್ರಿಗಳು ಪಾಪವಲ್ಲ ಎಂದದ್ದನ್ನು ಬಿಟ್ಟು, ನಾನು ಹೊಟ್ಟೆಕಿಚ್ಚಿನಿಂದ ಆಡಿದ ಒಂದು ಮಾತನ್ನು ದೇವರ ಮಾತೆಂದು ನಂಬಿದ್ದಳು. ನಾನು ಓದಿದವನು, ನಿಯಮ ಗೊತ್ತಿದ್ದವನು ಎಂದು.

ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ನೀನು ತಿಂದದ್ದಕ್ಕಲ್ಲ, ನಾನು ತಿಂದದ್ದಕ್ಕೆ ಇರಬಹುದು. ನಿಯಮ ನನಗೆ ಆಗಲೇ ಗೊತ್ತಿತ್ತು. ಇಷ್ಟು ಹೇಳಬೇಕಿತ್ತು. ಎದುರಿನಿಂದ ಯಾರೋ ಬರುತ್ತಿದ್ದರು, ಬದು ಕಿರಿದಾಗಿತ್ತು, ದಾರಿ ಬಿಡಬೇಕಿತ್ತು.

"ಅಲ್ಲ," ಎಂದೆ. "ಅದಕ್ಕಲ್ಲ. ನಡಿ, ಬಿಸಿಲು."

ಅವಳು ತಲೆಯಾಡಿಸಿ ಸೆರಗು ತಲೆಗೆ ಎಳೆದುಕೊಂಡು ನಡೆದಳು. ಇನ್ನುಳಿದದ್ದನ್ನು ನಾನು ನಾಳೆ ಹೇಳುತ್ತೇನೆ ಎಂದುಕೊಂಡೆ. ಆಮೇಲೂ ಬಹಳ ವರ್ಷ ಜೊತೆಗಿದ್ದೆವು. ಹೋದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಪಾದ್ರಿಗಳ ಮುಂದೆ ನಾನು ಇದನ್ನು ಹೇಳಿದೆ. ಅವರು ಚಿಕ್ಕ ವಯಸ್ಸಿನವರು, ದೇವರು ಎಂದೋ ಕ್ಷಮಿಸಿದ್ದಾನೆ ಅಜ್ಜಾ ಎಂದು ಹೇಳಿ ಪ್ರಾಯಶ್ಚಿತ್ತಕ್ಕೆ ಸಣ್ಣದೊಂದು ಪ್ರಾರ್ಥನೆ ಕೊಟ್ಟರು. ದೇವರ ವಿಷಯ ನಾನು ಕೇಳಿರಲಿಲ್ಲ. ಇದನ್ನು ಕೇಳಿಸಿಕೊಳ್ಳಬೇಕಾದವಳು ಅಂದು ಬದುವಿನ ಮೇಲೆ ನಿಂತು ನನ್ನನ್ನೇ ನೋಡಿದ್ದಳು, ಪೂರ್ತಿ ಉತ್ತರಕ್ಕೆ ಸ್ವಲ್ಪ ಹೊತ್ತು ಕಾದಿದ್ದಳು.